ಹೊಸ ಕಟ್ಟಡ ಬಲಿ ಕೇಳುತ್ತದೆಯೇ? ಸೈಟ್‌ನಲ್ಲಿ ಜೀವ ಹೋಗುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

"ಹೊಸ ಬಿಲ್ಡಿಂಗು ಮುಗಿಯೋದ್ರೊಳಗ ಒಂದು ಜೀವ ತಗಂತೈತಂತೆ, ಹೌದೇನ್ರಿ?"

ಕೂಡ್ಲಿಗಿ ಕಡೆಯ ಓದುಗರೊಬ್ಬರು ನಮಗೆ ಕಳಿಸಿದ ವಾಯ್ಸ್ ಮೆಸೇಜ್ ಇದು. ಅವರ ಊರಿನಲ್ಲಿ ಮನೆ ಕಟ್ಟುವಾಗ ಗಾರೆ ಕೆಲಸದವರೊಬ್ಬರು ಮೇಲಿಂದ ಬಿದ್ದಿದ್ದರು. ಬೆನ್ನುಮೂಳೆಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಹೋಗಿದೆ. ಅಂದು ಸಂಜೆಯೇ ಊರಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಸಂದೇಶ ಓಡಾಡಿತು: ಪಾಯ ಹಾಕುವಾಗ ಸರಿಯಾಗಿ ಬಲಿ ಕೊಟ್ಟಿರಲಿಲ್ಲ, ಜಾಗವೇ ಬಲಿ ಕೇಳಿದೆ.

ನಾವು ಅವರಿಗೆ ಮೂರು ಪ್ರಶ್ನೆ ಕೇಳಿದೆವು. ಬಿದ್ದವರು ಎಲ್ಲಿ ನಿಂತಿದ್ದರು? ಸಾರುವೆಯ ಒಂದೇ ಹಲಗೆಯ ಮೇಲೆ. ಹಲಗೆಯನ್ನು ಕಟ್ಟಿದ್ದರೇ? ಇಲ್ಲ. ಪಕ್ಕದಲ್ಲಿ ಹಿಡಿದುಕೊಳ್ಳಲು ಅಡ್ಡಗಂಬ ಇತ್ತೇ? ಅದೂ ಇಲ್ಲ.

ಉತ್ತರ ಇಲ್ಲೇ ಇದೆ. ಆದರೂ ಈ ನಂಬಿಕೆ ಎಲ್ಲಿಂದ ಬಂತು, ಕಟ್ಟಡದ ಕೆಲಸದಲ್ಲಿ ಜೀವ ನಿಜವಾಗಿ ಹೇಗೆ ಹೋಗುತ್ತದೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ತಾಲ್ಲೂಕುಗಳಲ್ಲಿ ಮನೆ ಕಟ್ಟುವವರು ಮತ್ತು ಕಟ್ಟಿಸುವವರು ಏನು ಮಾಡಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ಕಟ್ಟಡ ಬಲಿ ಕೇಳುವುದಿಲ್ಲ. ಸೈಟ್‌ನಲ್ಲಿ ಜೀವ ಹೋಗುವ ದಾರಿಗಳು ಕೆಲವೇ: ಎತ್ತರದಿಂದ ಬೀಳುವುದು, ಕಟ್ಟಿದ್ದು ಕುಸಿಯುವುದು, ಕರೆಂಟ್ ಹೊಡೆಯುವುದು, ಗುಂಡಿಯ ಮಣ್ಣು ಅಥವಾ ಸಂಪಿನ ನೀರು. ಇವುಗಳಲ್ಲಿ ಹೆಚ್ಚಿನವನ್ನು ಕೆಲಸ ಶುರುವಾಗುವ ಮೊದಲಿನ ಹತ್ತು ನಿಮಿಷದಲ್ಲೇ ತಡೆಯಬಹುದು.

ಬಲಿಯ ನಂಬಿಕೆ ಎಲ್ಲಿಂದ ಬಂತು?

ಕನ್ನಡಿಗರಿಗೆಲ್ಲ ಗೊತ್ತಿರುವ 'ಕೆರೆಗೆ ಹಾರ' ಜನಪದ ಕಥನಗೀತೆಯಲ್ಲಿ ಕೆರೆ ತೋಡಿಸಿದರೂ ನೀರು ಬರುವುದಿಲ್ಲ. ಕೊನೆಗೆ ಗೌಡರ ಮನೆಯ ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಕೊಡುತ್ತಾರೆ. ಇಂಥ ಕಥೆಗಳು ನಮ್ಮಲ್ಲಿ ಮಾತ್ರ ಇಲ್ಲ. ರೊಮೇನಿಯಾ, ಸರ್ಬಿಯಾಗಳಲ್ಲಿ ಗೋಡೆ ನಿಲ್ಲಲೆಂದು ಹೆಣ್ಣನ್ನು ಗೋಡೆಯೊಳಗೇ ಸೇರಿಸಿ ಕಟ್ಟಿದ ಹಾಡುಗಳಿವೆ. ಜಪಾನಿನಲ್ಲಿ ಸೇತುವೆ, ಕೋಟೆಗಳ ಬಗ್ಗೆ ಇಂಥವೇ ಕಥೆಗಳಿವೆ.

ಹಗಲು ಕಟ್ಟಿದ ಗೋಡೆ ರಾತ್ರಿ ಬಿದ್ದರೆ ಅಂದಿನವರ ಬಳಿ ಮಣ್ಣಿನ ಪರೀಕ್ಷೆ ಇರಲಿಲ್ಲ. ಏರಿಯ ಒಳಗೆ ನೀರು ಹೇಗೆ ಜಿನುಗುತ್ತದೆ ಎಂಬ ಲೆಕ್ಕವೂ ಗೊತ್ತಿರಲಿಲ್ಲ. ಕಾರಣ ಕಾಣದ ಕಡೆ ಕಥೆ ಬೆಳೆಯಿತು.

ಈ ನಂಬಿಕೆ ಇವತ್ತಿಗೂ ಬಾಳಲು ನಮ್ಮ ನೆನಪಿನ ಗುಣವೂ ಒಂದು ಕಾರಣ. ನಿಮ್ಮ ಓಣಿಯಲ್ಲಿ ಕಳೆದ ಹತ್ತು ವರ್ಷದಲ್ಲಿ ಎದ್ದ ಮನೆಗಳನ್ನು ಎಣಿಸಿ ನೋಡಿ. ಬಹುಪಾಲು ಮನೆಗಳಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ, ಅವು ನಮಗೆ ನೆನಪಿರುವುದೂ ಇಲ್ಲ. ಅಪಘಾತವಾದ ಒಂದು ಮನೆ ಮಾತ್ರ ವರ್ಷಗಟ್ಟಲೆ ನೆನಪಿರುತ್ತದೆ.

ನಂಬಿದರೆ ನಷ್ಟವೇನು?

ಪಾಯದ ಪೂಜೆ ಮಾಡುವುದು, ಬೂದುಗುಂಬಳಕಾಯಿ ಕಟ್ಟುವುದು, ದೃಷ್ಟಿಬೊಂಬೆ ತೂಗುಹಾಕುವುದು ಅವರವರ ನಂಬಿಕೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಎರಡು ಕಡೆ.

ಮೊದಲನೆಯದು, ಸಾವಿಗೆ 'ಬಲಿ' ಎಂದು ಹೆಸರಿಟ್ಟ ಕೂಡಲೇ ಪ್ರಶ್ನೆಗಳು ನಿಂತುಹೋಗುತ್ತವೆ. ಹಲಗೆ ಯಾಕೆ ಕಟ್ಟಿರಲಿಲ್ಲ, ಜಾಕಿ ಯಾರು ತೆಗೆಸಿದರು ಎಂದು ಯಾರೂ ಕೇಳುವುದಿಲ್ಲ. ಮುಂದಿನ ಸೈಟ್‌ನಲ್ಲಿ ಅದೇ ಮೇಸ್ತ್ರಿ ಅದೇ ಹಲಗೆಯನ್ನು ಹಾಗೆಯೇ ಇಡುತ್ತಾರೆ.

ಎರಡನೆಯದು ಇನ್ನೂ ಘೋರ. 2019ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಪದ್ಮಾ ಸೇತುವೆಗೆ ಮನುಷ್ಯರ ತಲೆ ಬೇಕಂತೆ, ಅದಕ್ಕೆ ಮಕ್ಕಳನ್ನು ಕದಿಯುತ್ತಿದ್ದಾರಂತೆ ಎಂಬ ವದಂತಿ ಮೊಬೈಲ್‌ಗಳಲ್ಲಿ ಹರಡಿತು. ಜನರ ಗುಂಪುಗಳು ಏನೂ ಅರಿಯದ ಹಲವರನ್ನು ಹೊಡೆದು ಕೊಂದವು. ಇದು ದೂರದ ಮಾತಲ್ಲ. 2018ರಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಫಾರ್ವರ್ಡ್ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಕೊಂದಿತು.

ಹಾಗಾದರೆ ನಿಜವಾದ ಕಾರಣಗಳೇನು?

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಮಾಲೀಕರ ಮೇಲೂ ಎಂಜಿನಿಯರ್ ಮೇಲೂ ಪೊಲೀಸ್ ಪ್ರಕರಣ ದಾಖಲಾಯಿತು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದಲ್ಲಿ ಮೆಟ್ರೊ ಕಂಬಕ್ಕೆಂದು ಕಟ್ಟಿ ನಿಲ್ಲಿಸಿದ್ದ ಎತ್ತರದ ಕಂಬಿ ಪಂಜರ ರಸ್ತೆಗೆ ಉರುಳಿ, ಸ್ಕೂಟರ್‌ನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮಗು ಮೃತಪಟ್ಟರು. 2024ರ ಅಕ್ಟೋಬರ್ 22ರಂದು, ಮಳೆಯ ನಡುವೆ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣದ ಹಂತದಲ್ಲಿದ್ದ ಕಟ್ಟಡ ನೆಲಕ್ಕುರುಳಿ 9 ಜನ ಸತ್ತರು. ಈ ಯಾವ ಘಟನೆಯ ತನಿಖೆಯಲ್ಲೂ ಕೇಳಿದ್ದು ಅನುಮತಿ, ವಿನ್ಯಾಸ, ಆಧಾರ, ಸಾಮಗ್ರಿಯ ಪ್ರಶ್ನೆಗಳನ್ನೇ.

ಇವು ದೊಡ್ಡ ಸುದ್ದಿಯಾದವು. ನಮ್ಮ ತಾಲ್ಲೂಕುಗಳಲ್ಲಿ ಹೆಚ್ಚಾಗಿ ಏಳುವುದು ಒಂದು, ಎರಡು ಅಂತಸ್ತಿನ ಮನೆಗಳು. ಅಲ್ಲಿ ಸೇಫ್ಟಿ ಆಫೀಸರ್ ಇರುವುದಿಲ್ಲ. ಮೇಸ್ತ್ರಿ, ನಾಲ್ಕು ಜನ ಗಾರೆಯವರು, ಬಾಂಡ್ಲಿ ಹೊರುವ ಹೆಂಗಸರು ಮತ್ತು ಸಾಲ ಮಾಡಿ ಮನೆ ಕಟ್ಟಿಸುತ್ತಿರುವ ಒಂದು ಕುಟುಂಬ, ಅಷ್ಟೇ. ಇದೇ ಊರುಗಳಿಂದ ಗುಳೆ ಹೋದವರು ಬೆಂಗಳೂರಿನ ದೊಡ್ಡ ಸೈಟ್‌ಗಳಲ್ಲೂ ದುಡಿಯುತ್ತಾರೆ. ಸೈಟ್ ಚಿಕ್ಕದಿರಲಿ, ದೊಡ್ಡದಿರಲಿ, ಅಪಾಯಗಳು ಅವೇ.

ಅಪಾಯ 1: "ಹತ್ತೇ ಅಡಿ, ಏನಾಗ್ತದೆ?"

ಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ 'ಸದ್ದಲೇ' ಎಂದು ಕಾರಣಿಕ ನುಡಿದು ಕೆಳಗೆ ಬೀಳುವುದನ್ನು ನೀವು ನೋಡಿರಬಹುದು. ಅವರು ಬೀಳುತ್ತಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಹಿಡಿದುಕೊಳ್ಳಲು ಕೆಳಗೆ ಹತ್ತಾರು ಕೈಗಳು ಸಿದ್ಧವಾಗಿರುತ್ತವೆ. ಸಾರುವೆಯಿಂದ ಬೀಳುವವರಿಗೆ ಆ ಕೈಗಳು ಇಲ್ಲ. ಕೆಳಗಿರುವುದು ಜಲ್ಲಿ, ಇಟ್ಟಿಗೆ, ಮೇಲ್ಮುಖವಾಗಿ ನಿಂತ ಕಂಬಿ.

ಲೆಕ್ಕ ಹೀಗಿದೆ. 10 ಅಡಿಯಿಂದ ಬಿದ್ದವರು ನೆಲ ಮುಟ್ಟಲು ಒಂದು ಸೆಕೆಂಡೂ ಬೇಕಾಗಿಲ್ಲ, ಆಗ ಅವರ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. 20 ಅಡಿಯಾದರೆ ಸುಮಾರು 39 ಕಿಲೋಮೀಟರ್. ಬೈಕಿನಲ್ಲಿ ಆ ವೇಗದಲ್ಲಿ ಹೋಗಿ ನೇರವಾಗಿ ಗೋಡೆಗೆ ಗುದ್ದಿದಂತೆ. ತಲೆ ಅಥವಾ ಬೆನ್ನು ಮೊದಲು ತಾಗಿದರೆ ಹತ್ತಡಿಯೇ ಸಾಕು.

ಮಾಡಬೇಕಾದ್ದು:

- ಸಾರುವೆಯ ಮೇಲೆ ಒಂದೇ ಹಲಗೆ ಬೇಡ. ಆರಾಮವಾಗಿ ಎರಡೂ ಕಾಲೂರಿ ನಿಲ್ಲುವಷ್ಟು ಅಗಲಕ್ಕೆ ಹಲಗೆಗಳನ್ನು ಜೋಡಿಸಿ, ಎರಡೂ ತುದಿಗಳನ್ನು ಹಗ್ಗ ಅಥವಾ ತಂತಿಯಿಂದ ಬಿಗಿಯಿರಿ.
- ಸೊಂಟದ ಎತ್ತರಕ್ಕೆ, ಅಂದರೆ ಸುಮಾರು ಒಂದು ಮೀಟರಿಗೆ, ಅಡ್ಡಗಂಬ ಕಟ್ಟಿ.
- ಸಾರುವೆಯನ್ನು ಗೋಡೆಗೋ ಕಂಬಕ್ಕೋ ಕಟ್ಟಿರಬೇಕು. ಬುಡಕ್ಕೆ ಒಡೆದ ಇಟ್ಟಿಗೆ ಚೂರು ಕೊಡಬೇಡಿ, ಅಗಲವಾದ ಹಲಗೆ ಕೊಡಿ.
- ಏಣಿ 12 ಅಡಿ ಎತ್ತರಕ್ಕೆ ಆನಿಸಿದ್ದರೆ ಬುಡ ಗೋಡೆಯಿಂದ 3 ಅಡಿ ದೂರ ಇರಲಿ. ಏಣಿಯ ತುದಿ ಮೇಲೆ ಇಳಿಯುವ ಜಾಗಕ್ಕಿಂತ 3 ಅಡಿ ಹೆಚ್ಚಿರಲಿ.
- ಛಾವಣಿಯ ಅಂಚು, ಮೆಟ್ಟಿಲು ಬರುವ ತೂತು, ಲಿಫ್ಟ್ ಗುಂಡಿ ಇವನ್ನು ತೆರೆದಿಡಬೇಡಿ. ಗೋಣಿಚೀಲ ಹೊದಿಸಿ ಮುಚ್ಚುವುದು ತೆರೆದಿಡುವುದಕ್ಕಿಂತ ಅಪಾಯ, ಗಟ್ಟಿ ನೆಲವೆಂದುಕೊಂಡು ಕಾಲಿಡುತ್ತಾರೆ.

ಹೆಲ್ಮೆಟ್ ಬಗ್ಗೆ ಎರಡು ಮಾತು. ಬೈಕಿನ ಹೆಲ್ಮೆಟ್ ಬೇರೆ, ಸೈಟ್ ಹೆಲ್ಮೆಟ್ ಬೇರೆ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 2925 ಎಂಬ ಸಂಖ್ಯೆ ಇದೆಯೇ ನೋಡಿ. ಮೇಲಿಂದ ಬೀಳುವ ಕಲ್ಲು, ಇಟ್ಟಿಗೆಯಿಂದ ಅದು ತಲೆಯನ್ನು ಕಾಯುತ್ತದೆ. ಆದರೆ ನೀವೇ ಕೆಳಗೆ ಬೀಳುವುದನ್ನು ತಡೆಯುವುದಿಲ್ಲ. ಅದಕ್ಕೆ ಅಡ್ಡಗಂಬ ಬೇಕು, ಅದು ಸಾಧ್ಯವಿಲ್ಲದ ಕಡೆ ಬೆಲ್ಟ್ ಬೇಕು. ಮೈಪೂರ್ತಿ ಸುತ್ತುವ ಬೆಲ್ಟ್ ತೆಗೆದುಕೊಳ್ಳಿ, ಸೊಂಟಕ್ಕೆ ಮಾತ್ರ ಕಟ್ಟುವಂಥದ್ದು ಬೇಡ. ಅದರ ಕೊಂಡಿಯನ್ನು ಗಟ್ಟಿ ಕಂಬಕ್ಕೆ ಹಾಕಿ. ಅಲುಗಾಡುವ ಸಾರುವೆಗೇ ಹಾಕಿದರೆ ಸಾರುವೆಯ ಜೊತೆ ನೀವೂ ಬೀಳುತ್ತೀರಿ.

ಅಪಾಯ 2: "ನಾಲ್ಕು ದಿನ ಆಯ್ತು, ಸೆಂಟ್ರಿಂಗ್ ಬಿಚ್ಚಿ"

ಸೆಂಟ್ರಿಂಗ್ ಸಾಮಾನು ಬಾಡಿಗೆಯದು. ದಿನಕ್ಕಿಷ್ಟು ಎಂದು ಲೆಕ್ಕ ಓಡುತ್ತಿರುತ್ತದೆ. ಆದ್ದರಿಂದ ಬೇಗ ಬಿಚ್ಚುವ ಆತುರ ಮಾಲೀಕರಿಗೂ ಇರುತ್ತದೆ, ಮೇಸ್ತ್ರಿಗೂ ಇರುತ್ತದೆ. ಮೇಲೆ ಮುಟ್ಟಿದರೆ ಕಾಂಕ್ರೀಟ್ ಗಟ್ಟಿಯಾಗಿಯೇ ಇರುತ್ತದೆ. ಆದರೆ ಮುಟ್ಟಿದರೆ ಗಟ್ಟಿ ಎನಿಸುವುದಕ್ಕೂ ತನ್ನ ಭಾರ ತಾನೇ ಹೊರುವುದಕ್ಕೂ ತುಂಬಾ ವ್ಯತ್ಯಾಸವಿದೆ. ಸಿಮೆಂಟ್ ನೀರಿನ ಜೊತೆ ಕೂಡಿ ಬಲ ಪಡೆಯುವ ಕ್ರಿಯೆ ವಾರಗಟ್ಟಲೆ ನಡೆಯುತ್ತದೆ. ಅದಕ್ಕೇ 28 ದಿನದ ಬಲವನ್ನು ಎಂಜಿನಿಯರ್‌ಗಳು ಲೆಕ್ಕಕ್ಕೆ ಹಿಡಿಯುವುದು.

ಭಾರತೀಯ ಮಾನಕ ಐಎಸ್ 456 (2000) ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳುವ ಕನಿಷ್ಠ ಅವಧಿ ಹೀಗಿದೆ:

- ಕಂಬ, ಗೋಡೆಗಳ ಪಕ್ಕದ ಹಲಗೆ: 16ರಿಂದ 24 ಗಂಟೆ
- 4.5 ಮೀಟರ್‌ವರೆಗಿನ ಸ್ಲ್ಯಾಬ್‌ನ ಜಾಕಿಗಳು: 7 ದಿನ
- 4.5 ಮೀಟರ್‌ಗಿಂತ ಅಗಲದ ಸ್ಲ್ಯಾಬ್‌ನ ಜಾಕಿಗಳು: 14 ದಿನ
- 6 ಮೀಟರ್‌ವರೆಗಿನ ಬೀಮ್‌ನ ಜಾಕಿಗಳು: 14 ದಿನ
- 6 ಮೀಟರ್‌ಗಿಂತ ಉದ್ದದ ಬೀಮ್‌ನ ಜಾಕಿಗಳು: 21 ದಿನ

ಇಲ್ಲೊಂದು ಎಚ್ಚರಿಕೆ. ನಮ್ಮ ಊರುಗಳ ಅಂಗಡಿಗಳಲ್ಲಿ ಮನೆ ಕೆಲಸಕ್ಕೆ ಹೆಚ್ಚಾಗಿ ಸಿಗುವುದು ಪಿಪಿಸಿ ಸಿಮೆಂಟ್. ಅದು ನಿಧಾನವಾಗಿ ಬಲ ಪಡೆಯುತ್ತದೆ, ಆದ್ದರಿಂದ ಇನ್ನೂ ಕೆಲವು ದಿನ ಕಾಯಬೇಕು. ಎಷ್ಟು ದಿನ ಎಂದು ಎಂಜಿನಿಯರ್ ಹೇಳಲಿ, ಬಾಡಿಗೆಯ ಲೆಕ್ಕ ಹೇಳುವುದು ಬೇಡ.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಬಸವೇಶ್ವರ ಸ್ವಾಮಿಯ ರಥ ಅಚ್ಚು ಮುರಿದು ನೆಲಕ್ಕೊರಗಿದ್ದು ಈ ಭಾಗದವರಿಗೆಲ್ಲ ನೆನಪಿದೆ. ಭಾರ ಹೊರುವ ಭಾಗ ಕೈಕೊಟ್ಟರೆ ತೇರೂ ನಿಲ್ಲುವುದಿಲ್ಲ. ಹಸಿ ಸ್ಲ್ಯಾಬಿನ ಭಾರ ಹೊತ್ತು ನಿಂತಿರುವುದು ಜಾಕಿಗಳು. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2.5 ಟನ್ ತೂಗುತ್ತದೆ ಎಂಬುದನ್ನು ನೆನಪಿಡಿ. ಕಾಂಕ್ರೀಟ್ ಹಾಕುವ ದಿನ ಅದರ ಕೆಳಗೆ ಯಾರೂ ಓಡಾಡಬಾರದು, ಊಟಕ್ಕೆ ಕೂರಬಾರದು, ಮಗುವನ್ನು ಮಲಗಿಸಬಾರದು.

ಅಪಾಯ 3: "ಎಂಸಿಬಿ ಇದೆ, ಶಾಕ್ ಹೊಡೆಯಲ್ಲ"

ಇದು ಓದಿದವರೂ ನಂಬಿರುವ ತಪ್ಪು. ಎಂಸಿಬಿ ಇರುವುದು ವೈರು ಸುಟ್ಟುಹೋಗದಂತೆ ಕಾಯಲು. 16 ಆಂಪಿಯರ್‌ನ ಎಂಸಿಬಿ ಬೀಳಲು ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನಿಗೆ ಅಪಾಯವಾಗಲು 30 ಮಿಲಿ ಆಂಪಿಯರ್, ಅಂದರೆ ಅದರ 500ನೇ ಒಂದು ಭಾಗಕ್ಕೂ ಕಡಿಮೆ ಸಾಕು. ಎಂಸಿಬಿಗೆ ಸುದ್ದಿ ಮುಟ್ಟುವ ಮೊದಲೇ ಮನುಷ್ಯನ ಹೃದಯದ ಬಡಿತ ತಪ್ಪಿರುತ್ತದೆ.

ಜನರನ್ನು ಕಾಯುವುದು ಆರ್‌ಸಿಸಿಬಿ ಎಂಬ ಬೇರೆ ಸ್ವಿಚ್. 30 ಮಿಲಿ ಆಂಪಿಯರ್‌ನಷ್ಟು ಕರೆಂಟ್ ದಾರಿ ತಪ್ಪಿ ಸೋರಿದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಸೈಟ್‌ನ ತಾತ್ಕಾಲಿಕ ಬೋರ್ಡಿಗೇ ಅದನ್ನು ಹಾಕಿಸಿ. ಮುಂದೆ ಅದೇ ಸ್ವಿಚ್ಚನ್ನು ಮನೆಗೂ ಬಳಸಬಹುದು.

ಇನ್ನೊಂದು ಅಪಾಯ ತಲೆಯ ಮೇಲೆಯೇ ಇರುತ್ತದೆ. ಮನೆಯ ಹತ್ತಿರ 11 ಕೆವಿ ಲೈನ್ ಹಾದುಹೋಗಿರುತ್ತದೆ, ಮಹಡಿಗೆ ಕಂಬಿ ಏರಿಸುವಾಗ ಅದು ಬಾಗಿ ಲೈನಿಗೆ ತಾಗುತ್ತದೆ. ರಬ್ಬರ್ ಚಪ್ಪಲಿ, ಒಣ ಕೋಲು, ಕೈಗೆ ಸುತ್ತಿದ ಟವೆಲ್ 11,000 ವೋಲ್ಟಿನ ಮುಂದೆ ಯಾವ ರಕ್ಷಣೆಯೂ ಅಲ್ಲ. ಲೈನ್ ಹತ್ತಿರವಿದ್ದರೆ ಕೆಲಸ ಶುರುಮಾಡುವ ಮೊದಲೇ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಸಹಾಯವಾಣಿ 1912. ಕಂಬಿ, ಪೈಪು, ಏಣಿಗಳನ್ನು ಆ ಬದಿಯಿಂದ ಏರಿಸಲೇಬೇಡಿ.

ಶಾಕ್ ಹೊಡೆದವರನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತರೆ ಕರೆಂಟ್ ಇಳಿಯುತ್ತದೆ ಎಂಬ ಫಾರ್ವರ್ಡ್ ಸುಳ್ಳು. ಲೈನಿನಿಂದ ಬಿಡಿಸಿದ ಮೇಲೆ ದೇಹದಲ್ಲಿ ಕರೆಂಟ್ ಉಳಿದಿರುವುದಿಲ್ಲ. ನಿಂತಿರುವುದು ಹೃದಯ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಅಲ್ಲಿಯವರೆಗೆ ಮುಟ್ಟಬೇಡಿ. ಆಮೇಲೆ ಉಸಿರು ಇಲ್ಲದಿದ್ದರೆ ಎದೆಯ ನಡುಭಾಗವನ್ನು ಎರಡೂ ಅಂಗೈಯಿಂದ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಹೊರಗಿನ 11 ಕೆವಿ ಲೈನ್ ತಾಗಿದ್ದರೆ ಹತ್ತಿರವೂ ಹೋಗಬೇಡಿ. ಸುತ್ತಲಿನ ನೆಲದಲ್ಲೂ ಕರೆಂಟ್ ಹರಿಯುತ್ತಿರುತ್ತದೆ. ಲೈನ್ ಬಂದ್ ಮಾಡಿದ್ದು ಖಚಿತವಾದ ಮೇಲೆಯೇ ಮುಂದಿನದು.

ಅಪಾಯ 4: ಗುಂಡಿ ಮತ್ತು ಸಂಪು

"ನಮ್ದು ಗಟ್ಟಿ ನೆಲ, ಕುಸಿಯಲ್ಲ" ಎಂಬ ಮಾತು ಎಲ್ಲ ಊರಲ್ಲೂ ಇದೆ. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಡುವುದನ್ನು ನೋಡಿದವರಿಗೆ ನೆಲದ ಗಟ್ಟಿತನ ಎಷ್ಟರದ್ದೆಂದು ಗೊತ್ತು. ಕೆಮ್ಮಣ್ಣೂ ಮಳೆ ಬಿದ್ದ ಮೇಲೆ ಮೊದಲಿನ ಮಣ್ಣಲ್ಲ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಮಣ್ಣು ಒಂದು ಸಣ್ಣ ಕಾರಿಗಿಂತ ಭಾರ. ಎದೆಮಟ್ಟ ಮಣ್ಣು ಬಿದ್ದರೆ ತಲೆ ಹೊರಗಿದ್ದರೂ ಉಸಿರಾಡಲಾಗುವುದಿಲ್ಲ, ಪಕ್ಕೆಲುಬು ಅಗಲಿಸಲು ಜಾಗವೇ ಇರುವುದಿಲ್ಲ.

ಐದಡಿಗಿಂತ ಆಳದ ಗುಂಡಿಗೆ ಇಳಿಯಬೇಕಾದರೆ ಬದಿಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ ಕೊಟ್ಟು ಅಡ್ಡಗಂಬ ಬಿಗಿಯಬೇಕು. ತೋಡಿದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಬೇಡಿ. ಜೆಸಿಬಿ, ಟ್ರ್ಯಾಕ್ಟರ್ ಅಂಚಿಗೆ ಬರಬಾರದು. ಏಣಿ ಇಲ್ಲದ ಗುಂಡಿಗೆ ಇಳಿಯಬೇಡಿ.

ಸಂಪು ಇನ್ನೊಂದು ಬಲೆ. ಕೆಲಸಕ್ಕೆ ಬರುವ ತಾಯಂದಿರ ಜೊತೆ ಮಕ್ಕಳೂ ಬರುತ್ತಾರೆ. ಕ್ಯೂರಿಂಗ್‌ಗೆಂದು ನೀರು ತುಂಬಿಸಿದ ಸಂಪಿಗೆ ಒಂದು ತಗಡಿನ ಶೀಟು ಮುಚ್ಚಿರುತ್ತಾರೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಎರಡು ವರ್ಷದ ಮಗುವಿಗೆ ಎರಡಡಿ ನೀರು ಸಾಕು. ಸಂಪಿಗೆ ಮೊದಲ ದಿನವೇ ಗಟ್ಟಿ ಮುಚ್ಚಳ ಮಾಡಿಸಿ.

ನೀರಿನಲ್ಲಿ ಮುಳುಗಿದವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಬದುಕುತ್ತಾರೆ ಎಂಬ ಫಾರ್ವರ್ಡ್ ನಮ್ಮ ಭಾಗದಲ್ಲಿ ಹಲವು ವರ್ಷಗಳಿಂದ ಓಡಾಡುತ್ತಿದೆ. 2022ರಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರದಲ್ಲಿ ಮುಳುಗಿದ ಬಾಲಕನನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟು ಕಾದರು. ಹಾವೇರಿ ಜಿಲ್ಲೆಯಲ್ಲೂ ಹೀಗಾಯಿತು. ಮಕ್ಕಳು ಏಳಲಿಲ್ಲ. ಮುಳುಗಿದವರಿಗೆ ಬೇಕಾಗಿರುವುದು ಗಾಳಿ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು, ಅದೂ ನೀರಿನಿಂದ ಎತ್ತಿದ ಕೂಡಲೇ. ಉಪ್ಪು ತರಲು ಅಂಗಡಿಗೆ ಓಡಿದ ಆ ಕೆಲವು ನಿಮಿಷದಲ್ಲೇ ಬದುಕುವ ಅವಕಾಶ ಕಳೆದುಹೋಗುತ್ತದೆ.

ಸೈಟ್‌ನ ಇನ್ನಷ್ಟು ನಂಬಿಕೆಗಳು: ಎಷ್ಟು ನಿಜ?

*ಬೆಲ್ಲ ತಿಂದರೆ ಎದೆಯ ಧೂಳು ಹೋಗುತ್ತದೆ.* ಸಾಬೀತಾಗಿಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. 1994ರಲ್ಲಿ ಲಖನೌದ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಒಂದು ಪ್ರಯೋಗದಲ್ಲಿ ಬೆಲ್ಲದಿಂದ ಸ್ವಲ್ಪ ಉಪಯೋಗ ಕಂಡಿತ್ತು. ಫಾರ್ವರ್ಡ್‌ಗಳು ಹೇಳುವ 'ಸಂಶೋಧನೆ' ಅದು. ಇಲಿಯಲ್ಲಿ ಕಂಡದ್ದು ಗಾರೆ ಕೆಲಸದವರಿಗೆ ರಕ್ಷಣೆ ಎಂದಾಗುವುದಿಲ್ಲ. ಕಲ್ಲು, ಟೈಲ್ಸ್ ಕೊಯ್ಯುವಾಗ ಏಳುವ ನಯವಾದ ಧೂಳಿನಿಂದ ಬರುವ ಸಿಲಿಕೋಸಿಸ್ ಗುಣವಾಗುವ ಕಾಯಿಲೆಯಲ್ಲ. ನೀರು ಹಾಕುತ್ತಾ ಕೊಯ್ಯಿರಿ, ಎನ್95 ಮಾಸ್ಕ್ ಹಾಕಿ. ಟವೆಲ್ ಸುತ್ತಿದರೆ ನಯವಾದ ಧೂಳು ನಿಲ್ಲುವುದಿಲ್ಲ. ಬೆಲ್ಲ ಬೇಕಾದರೆ ರುಚಿಗೆ ತಿನ್ನಿ.

*ಬಿಸಿಲಲ್ಲಿ ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ.* ಸುಳ್ಳು. ಪ್ರತಿ ಬೇಸಿಗೆಗೆ ಮರಳಿ ಬರುವ ಫಾರ್ವರ್ಡ್ ಇದು. ನಮ್ಮ ಭಾಗದ ಏಪ್ರಿಲ್, ಮೇ ಬಿಸಿಲಲ್ಲಿ ನೀರು ಕುಡಿಯದೆ ಇರುವುದೇ ಅಪಾಯ. ಬಾಯಾರುವ ಮೊದಲೇ ಆಗಾಗ ಕುಡಿಯಿರಿ, ಮಜ್ಜಿಗೆ, ಓಆರ್‌ಎಸ್ ಒಳ್ಳೆಯದು. ಕೆಲಸದವರು ಏನೇನೋ ಮಾತಾಡತೊಡಗಿದರೆ, ತೂರಾಡಿದರೆ, ಮೈ ಕಾದ ಹಂಚಿನಂತಾದರೆ ಅದು ಬಿಸಿಲಾಘಾತ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

*ಕಣ್ಣಿಗೆ ಸಿಮೆಂಟ್, ಸುಣ್ಣ ಬಿದ್ದರೆ ಎದೆಹಾಲು, ತುಪ್ಪ, ಜೇನು ಹಾಕಬೇಕು.* ಬೇಡ. ಹಸಿ ಸಿಮೆಂಟು ಕಣ್ಣನ್ನೂ ಚರ್ಮವನ್ನೂ ಸುಡುವಷ್ಟು ಕ್ಷಾರ. ಶುದ್ಧ ನೀರಿನಿಂದ ಕನಿಷ್ಠ 20 ನಿಮಿಷ ಬಿಡದೆ ತೊಳೆದು ಕಣ್ಣಿನ ಡಾಕ್ಟರ ಬಳಿ ಹೋಗಿ. ಬೂಟು, ಪ್ಯಾಂಟಿನೊಳಗೆ ಹಸಿ ಕಾಂಕ್ರೀಟ್ ಹೋಗಿದ್ದರೂ ಕೂಡಲೇ ತೊಳೆಯಿರಿ. ಉರಿ ಶುರುವಾಗುವುದು ಕೆಲವು ಗಂಟೆಗಳ ಮೇಲೆ, ಅಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ.

*ಒಂದು ಕ್ವಾರ್ಟರ್ ಹಾಕಿದರೆ ಎತ್ತರದ ಭಯ ಹೋಗುತ್ತದೆ.* ಭಯ ಹೋಗುತ್ತದೆ, ಅದರ ಜೊತೆ ಮೈಯ ಸಮತೋಲನವೂ ಹೋಗುತ್ತದೆ.

ಬಿದ್ದವರನ್ನು ಎತ್ತುವ ಮೊದಲು

ಯಾರಾದರೂ ಮೇಲಿಂದ ಬಿದ್ದರೆ ನಾವು ಮಾಡುವ ಮೊದಲ ಕೆಲಸ ಒಬ್ಬರು ಕೈ, ಇನ್ನೊಬ್ಬರು ಕಾಲು ಹಿಡಿದು ಆಟೊಗೆ ಹಾಕುವುದು. ಬೆನ್ನುಮೂಳೆ ಮುರಿದಿದ್ದರೆ ಹೀಗೆ ಎತ್ತುವಾಗಲೇ ಒಳಗಿನ ನರ ಹಾಳಾಗಿ ಜೀವಮಾನವಿಡೀ ಹಾಸಿಗೆ ಹಿಡಿಯುವಂತಾಗಬಹುದು.

ಅಲ್ಲಿ ಇನ್ನೇನೂ ಬೀಳುವ ಅಪಾಯವಿಲ್ಲದಿದ್ದರೆ ಅವರನ್ನು ಅಲುಗಿಸಬೇಡಿ. ತಲೆ, ಕುತ್ತಿಗೆಯನ್ನು ಎರಡೂ ಕೈಯಿಂದ ನೇರವಾಗಿ ಹಿಡಿದುಕೊಳ್ಳಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಮೈಗೆ ಕಂಬಿ ಚುಚ್ಚಿಕೊಂಡಿದ್ದರೆ ಅದನ್ನು ಎಳೆಯಬೇಡಿ. ಬಾಯಿಗೆ ನೀರು ಬಿಡಬೇಡಿ. 108 ಬರುವವರೆಗೆ ಮಾತಾಡಿಸುತ್ತಿರಿ. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ ಮೈಯನ್ನು ಒಂದೇ ಮಟ್ಟದಲ್ಲಿ ಎತ್ತಿ ಹಲಗೆಯ ಮೇಲೆ ಮಲಗಿಸಿ ಸಾಗಿಸಿ. ಸೆಂಟ್ರಿಂಗ್ ಹಲಗೆ ಸೈಟ್‌ನಲ್ಲೇ ಇರುತ್ತದೆ.

ಲೇಬರ್ ಕಾರ್ಡ್ ಯಾಕೆ ಬೇಕು?

ಕಟ್ಟಡ ಕಾರ್ಮಿಕರ ಸುರಕ್ಷತೆ ಮತ್ತು ಕಲ್ಯಾಣಕ್ಕೆಂದು ದೇಶದಲ್ಲಿ ಕಾಯ್ದೆ ಬಂದಿದ್ದು 1996ರಲ್ಲಿ. ಕರ್ನಾಟಕದಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಶುರುವಾಗಿದ್ದು 2007ರಲ್ಲಿ. ಕಟ್ಟಡದ ವೆಚ್ಚದ ಮೇಲೆ ಸಂಗ್ರಹಿಸುವ ಶೇ 1ರ ಸೆಸ್ ಈ ಮಂಡಳಿಗೆ ಹೋಗುತ್ತದೆ. ಅದು ಕಾರ್ಮಿಕರ ಹೆಸರಿನಲ್ಲೇ ಎತ್ತಿದ ಹಣ, ಯಾರೂ ಕೊಡುವ ದಾನವಲ್ಲ.

18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು. ಗಾರೆಯವರು ಮಾತ್ರವಲ್ಲ, ಬಾಂಡ್ಲಿ ಹೊರುವವರು, ಕಂಬಿ ಕಟ್ಟುವವರು, ಪೇಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರಿಗೂ ಇದು ಅನ್ವಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ ಪರಿಹಾರ, ಆಸ್ಪತ್ರೆ ಖರ್ಚಿಗೆ ನೆರವು ಇದರಡಿ ಸಿಗುತ್ತವೆ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿವರಕ್ಕೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ, ಇಲ್ಲವೇ ಸಹಾಯವಾಣಿ 155214ಕ್ಕೆ ಕರೆ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ 'ಲೇಬರ್ ಕಾರ್ಡಿಗೆ ಹಣ ಜಮೆ' ಎಂಬ ಲಿಂಕ್‌ಗಳಲ್ಲಿ ಆಧಾರ್, ಬ್ಯಾಂಕ್ ಖಾತೆ, ಓಟಿಪಿ ತುಂಬಬೇಡಿ.

ನಮಗೆ ಮೆಸೇಜ್ ಕಳಿಸಿದ ಓದುಗರನ್ನು ಬಿದ್ದವರ ಕಾರ್ಡಿನ ಬಗ್ಗೆಯೂ ಕೇಳಿದೆವು. ಕಾರ್ಡ್ ಇತ್ತು. ನವೀಕರಿಸಿರಲಿಲ್ಲ.

ಬೆಳಿಗ್ಗೆಯ ಹತ್ತು ನಿಮಿಷ: ಇದನ್ನು ಮೇಸ್ತ್ರಿಗೆ ಫಾರ್ವರ್ಡ್ ಮಾಡಿ

1. ಸಾರುವೆಯ ಹಲಗೆ, ಕಟ್ಟು, ಅಡ್ಡಗಂಬ ಅಲುಗಾಡಿಸಿ ನೋಡಿದ್ದೀರಾ?
2. ಛಾವಣಿಯ ಅಂಚು, ತೂತು, ಸಂಪು ಮುಚ್ಚಿವೆಯೇ?
3. ಮೇಲೆ ಕರೆಂಟ್ ಲೈನ್ ಎಷ್ಟು ದೂರ ಇದೆ? ಕಂಬಿ ಯಾವ ಬದಿಯಿಂದ ಏರಿಸುತ್ತೀರಿ?
4. ವೈಬ್ರೇಟರ್, ಕಟ್ಟರ್ ವೈರು ಎಲ್ಲಾದರೂ ಸುಲಿದಿದೆಯೇ? ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿದ್ದೀರಾ?
5. ಇವತ್ತು ಯಾವುದಾದರೂ ಜಾಕಿ ತೆಗೆಯುತ್ತೀರಾ? ಎಷ್ಟನೇ ದಿನ? ಎಂಜಿನಿಯರ್ ಒಪ್ಪಿದ್ದಾರಾ?
6. ಎಲ್ಲರ ತಲೆಗೂ ಹೆಲ್ಮೆಟ್, ಕಾಲಿಗೆ ಬೂಟು ಇದೆಯೇ? ಬಾಂಡ್ಲಿ ಹೊರುವ ಅಕ್ಕಂದಿರಿಗೂ ಇದೆಯೇ?
7. ಮಕ್ಕಳು ಎಲ್ಲಿದ್ದಾರೆ? ಯಾರು ನೋಡಿಕೊಳ್ಳುತ್ತಿದ್ದಾರೆ?
8. ಕುಡಿಯುವ ನೀರು, ನೆರಳು ಇದೆಯೇ?

ಮನೆ ಕಟ್ಟಿಸುವವರಿಗೂ ಒಂದು ಮಾತು. ಗುತ್ತಿಗೆ ಮಾತಾಡುವಾಗ ಹೆಲ್ಮೆಟ್, ಬೆಲ್ಟ್, ಆರ್‌ಸಿಸಿಬಿ, ಸೆಂಟ್ರಿಂಗ್ ಬಾಡಿಗೆಯ ಹೆಚ್ಚಿನ ದಿನಗಳನ್ನು ನೀವೇ ಲೆಕ್ಕಕ್ಕೆ ಸೇರಿಸಿ. ಒಂದು ಸ್ಲ್ಯಾಬಿನ ಖರ್ಚಿನ ಮುಂದೆ ಅದು ತೀರಾ ಚಿಕ್ಕ ಮೊತ್ತ. ಅದನ್ನು ಉಳಿಸಲು ಹೋಗಿ ಒಬ್ಬರು ಬಿದ್ದರೆ ಗೃಹಪ್ರವೇಶದ ದಿನವೂ ಆ ಜಾಗ ನಿಮ್ಮ ಕಣ್ಣಿಗೆ ಬೀಳುತ್ತದೆ.

ಕೂಡ್ಲಿಗಿಯ ಆ ಓದುಗರಿಗೆ ನಾವು ಕಳಿಸಿದ ಉತ್ತರ ಇಷ್ಟೇ: ಜಾಗ ಏನನ್ನೂ ಕೇಳಿರಲಿಲ್ಲ, ಹಲಗೆಗೆ ಒಂದು ಹಗ್ಗ ಬೇಕಿತ್ತು. ಬಲಿಯ ಸಂದೇಶ ಬಂದ ಅದೇ ಗ್ರೂಪಿಗೆ ಇದನ್ನೂ ಹಾಕಿ ಎಂದು ಅವರನ್ನು ಕೇಳಿಕೊಂಡಿದ್ದೇವೆ. ನಿಮ್ಮಲ್ಲೂ ಅದೇ ವಿನಂತಿ.